ದೀಪದ ಹೊತ್ತಿಗೆ ತೆರೆದ ಬಾಗಿಲು

೫ ಡಿಸೆಂಬರ್ ೨೦೦೬, ಮಂಗಳವಾರ

ಅರಸೀಕೆರೆಯ ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳ ಕೈಬರಹ ತಿದ್ದಿದವಳ ಅಕ್ಷರಗಳು ಇಂದು ಸಾಲು ಬಿಟ್ಟು ಕೆಳಗಿಳಿಯುತ್ತಿವೆ. ಆದರೂ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯಬೇಕು. ನಾಳೆಗೆ ಬಿಟ್ಟರೆ ಮನಸ್ಸು ತನಗೆ ಬೇಕಾದಂತೆ ತಿದ್ದಿಕೊಂಡುಬಿಡುತ್ತದೆ.

ಗೋಥೆನ್‌ಬರ್ಗ್ ಎಂಬ ಸ್ವೀಡಿಷ್ ಊರಿನಲ್ಲಿರುವ ಮಗಳು ಮಾಲತಿಯ ಮನೆಗೆ ನಾನು ಬಂದು ಇಂದಿಗೆ ಹದಿನೈದು ದಿನ. ಕಟ್ಟಡಕ್ಕೆ ಐದು ಮಹಡಿ, ನಮ್ಮದು ಮೂರನೆಯದು. ಈ ತಿಂಗಳಲ್ಲಿ ಇಲ್ಲಿ ಸೂರ್ಯ ಮೂರೂವರೆಗೇ ಮುಳುಗುತ್ತಾನೆ. ಆ ಹೊತ್ತಿಗೆ ಮಾಲತಿಯೂ ಅಳಿಯಂದಿರಾದ ಅಶ್ವತ್ಥರೂ ಕೆಲಸದಲ್ಲಿರುತ್ತಾರೆ, ಮನೆಯಲ್ಲಿ ನಾನೊಬ್ಬಳೇ. ಸೂರ್ಯ ಎಷ್ಟು ಗಂಟೆಗೆ ಮುಳುಗಿದರೂ ಮುಸ್ಸಂಜೆ ಮುಸ್ಸಂಜೆಯೇ. ದೇವರ ಮುಂದೆ ದೀಪ ಹಚ್ಚಿದೆ. ದೀಪ ಹಚ್ಚುವಾಗ ಮುಂಬಾಗಿಲು ತೆರೆದಿರಬೇಕು, ಅದು ಲಕ್ಷ್ಮಿ ಒಳಗೆ ಬರುವ ಹೊತ್ತು. ನನ್ನ ತಾಯಿ ಮಾಡುತ್ತಿದ್ದುದನ್ನೇ ಅರವತ್ತೆಂಟು ವರ್ಷವಾದರೂ ನಾನು ಮಾಡುತ್ತಿದ್ದೇನೆ. ಮೆಟ್ಟಿಲ ಮೊಗಸಾಲೆಗೆ ತೆರೆಯುವ ಬಾಗಿಲನ್ನು ಗೋಡೆಗೆ ತಾಗುವಷ್ಟು ತೆರೆದು, ದೇವರ ಮುಂದೆ ಕಣ್ಣು ಮುಚ್ಚಿ ನಿಂತೆ.

ಕಣ್ಣು ಬಿಟ್ಟಾಗ ಮಗ್ಗುಲಲ್ಲಿ ಒಬ್ಬ ಗಂಡಸು. ಕೈಯಲ್ಲಿ ಮೋಟು ಅಲಗಿನ ಚಾಕು. ಅವನೇನೋ ಅಂದ, ನನಗೆ ಅರ್ಥವಾಗಲಿಲ್ಲ. ಚಾಕುವನ್ನು ಒಮ್ಮೆ ನನ್ನ ಮುಖಕ್ಕೂ ಒಮ್ಮೆ ಕೊರಳಿಗೂ ತೋರಿಸಿದ. ನಾನು ಅವನನ್ನು ದುರುಗುಟ್ಟಿ ನೋಡಿದೆ. ಅವನು ಕೊರಳಿಗೆ ಕೈಹಾಕಿ ಅವಲಕ್ಕಿ ಸರವನ್ನು ಎಳೆದ. ನಾನು ಮೇಷ್ಟರ ಕೆಲಸಕ್ಕೆ ಸೇರಿದ ವರ್ಷ ಸ್ವಂತ ಸಂಬಳದಲ್ಲಿ ಮಾಡಿಸಿಕೊಂಡ ಸರ ಅದು. ತಂದೆಯದಲ್ಲ, ಗಂಡನದೂ ಅಲ್ಲ. ಸರ ತುಂಡಾಯಿತು, ಕತ್ತಿನ ಚರ್ಮ ಸುಲಿಯಿತು. ಹೋಗುವಾಗ ಆ ಪಶು ಬಾಗಿಲನ್ನು ಎಳೆದುಕೊಂಡು ಹೋದ.

ಮಾಲತಿ ಬಂದಳು, ಪೊಲೀಸರು ಬಂದರು. ಹುಡುಗಿಯಂತಿದ್ದ ಒಬ್ಬ ಅಧಿಕಾರಿ ಮೊದಲು ನನ್ನ ಗುರುತಿನ ಸಂಖ್ಯೆ ಕೇಳಿದಳು. ಈ ದೇಶದಲ್ಲಿ ನನಗೆ ಸಂಖ್ಯೆಯೇ ಇಲ್ಲ. ಅನಂತರ ಅವಳ ಪ್ರಶ್ನೆಗಳನ್ನು ಮಾಲತಿ ಕನ್ನಡದಲ್ಲಿ ಕೇಳುತ್ತ ಹೋದಳು.

"ಬೆಲ್ ಹೊಡೆದ್ನಾ ಅಮ್ಮ? ಯಾರು ಅಂತ ನೋಡ್ದೇನೇ ತೆಗೆದ್ಯಾ?"

ನಾನು ಹೂಂ ಎಂದೆ. ಬಾಗಿಲು ತೆರೆದಿಡಬೇಡವೆಂದು ಅವಳು ಮೂರು ಸಲ ಹೇಳಿದ್ದಳು. "ಇಲ್ಲಿ ಲಕ್ಷ್ಮೀನೂ ಬೆಲ್ ಹೊಡೆದೇ ಬರ್ಬೇಕಮ್ಮ" ಎಂದು ಹೋದ ವಾರವಷ್ಟೇ ನಕ್ಕಿದ್ದಳು. ಪೊಲೀಸರ ಎದುರಿಗೆ ಮಗಳಿಂದ ಪಾಠ ಹೇಳಿಸಿಕೊಳ್ಳುವ ಮನಸ್ಸಾಗಲಿಲ್ಲ. ಗಂಟೆ ಎರಡು ಸಲ ಆಯಿತು, ತೆರೆದ ಕೂಡಲೇ ತಳ್ಳಿಕೊಂಡು ಬಂದ ಎಂದೆ. ಸುಲಿಗೆ ಮಾಡಿದ್ದು ಅವನು. ಬಾಗಿಲಿನ ವಿಷಯ ಅಷ್ಟು ಮುಖ್ಯವಲ್ಲ.

೬ ಡಿಸೆಂಬರ್

ನಿದ್ರೆಯಿಲ್ಲ. ಕತ್ತಿನ ಗಾಯ ಉರಿಯುತ್ತಿದೆ. ಅಶ್ವತ್ಥರು ಬಾಗಿಲಿಗೆ ಇನ್ನೊಂದು ಬೀಗವನ್ನೂ ಒಂದು ಕಬ್ಬಿಣದ ಸರಪಳಿಯನ್ನೂ ಹಾಕಿಸಿದರು. ದೀಪ ಹಚ್ಚಿದೆ. ಬಾಗಿಲು ತೆರೆಯಲಿಲ್ಲ.

೯ ಡಿಸೆಂಬರ್, ಶನಿವಾರ

ಸಿಕ್ಕಿದ್ದಾನೆ. ಮನೆಮನೆಯ ಬಾಗಿಲ ಕಂಡಿಯಲ್ಲಿ ಅಂಗಡಿಗಳ ಜಾಹೀರಾತು ಕಾಗದ ಹಾಕುವವನಂತೆ. ಹೆಸರು ಲೆನ್ನಾರ್ಟ್, ವಯಸ್ಸು ಐವತ್ತೆರಡು. ಐವತ್ತೆರಡು! ಅರ್ಧ ಶತಮಾನ ಬದುಕಿದವನೊಬ್ಬ ಅಜ್ಜಿಯ ಕೊರಳಿಗೆ ಕೈಹಾಕಿದ. ಸರ ಅವನ ಜೇಬಿನಲ್ಲಿಯೇ ಇತ್ತಂತೆ, ಮಾರಿರಲಿಲ್ಲ. ಸಾಕ್ಷ್ಯವಾದ್ದರಿಂದ ಈಗಲೇ ಕೊಡುವುದಿಲ್ಲವಂತೆ.

ದೂರವಾಣಿಯಲ್ಲಿ ಶೇಷಾದ್ರಿ ಎಂಬ ಕನ್ನಡ ದುಭಾಷಿಯೊಬ್ಬರನ್ನು ಇಟ್ಟುಕೊಂಡು ಪೊಲೀಸರು ಮತ್ತೊಮ್ಮೆ ವಿಚಾರಿಸಿದರು. ಮೊದಲು ಹೇಳಿದ್ದನ್ನೇ ಹೇಳಿದೆ. ಗಂಟೆ ಎರಡು ಸಲ ಆಯಿತೆಂಬುದನ್ನು ಬರೆದುಕೊಂಡಿರೋ ಎಂದೂ ಕೇಳಿದೆ. ಅವರ ಕನ್ನಡದಲ್ಲಿದ್ದ ಎರಡು ತಪ್ಪುಗಳನ್ನು ತಿದ್ದಿದೆ.

ಅವನಿಗೆ ಗರಿಷ್ಠ ಶಿಕ್ಷೆಯಾಗಬೇಕು.

೧೭ ಡಿಸೆಂಬರ್, ಭಾನುವಾರ

ಮೊಮ್ಮಗಳು ಶ್ರಾವಣಿ ರಜೆಗೆ ಲುಂಡ್‌ನಿಂದ ಬಂದಿದ್ದಾಳೆ. ಅಲ್ಲಿ ಕಾನೂನು ಓದುತ್ತಿದ್ದಾಳೆ, ಮೂರನೆಯ ವರ್ಷ. ಈ ದೇಶದಲ್ಲಿಯೇ ಬೆಳೆದ ಹುಡುಗಿ. ಅವಳ ಕನ್ನಡಕ್ಕೆ ನಾನು ಪಾಸು ಮಾಡುವಷ್ಟು ಅಂಕ ಕೊಟ್ಟೇನು, ಅದಕ್ಕಿಂತ ಹೆಚ್ಚಿಲ್ಲ. ನನ್ನ ಕತ್ತಿನ ಗಾಯವನ್ನು ನೋಡಿ ಅತ್ತಳು. ಅತ್ತ ಮೇಲೆ ಸಾರು ಅನ್ನ ಉಂಡು, ಉಂಡ ತಟ್ಟೆಯ ಮುಂದೆಯೇ ಕುಳಿತು, ನನಗೆ ಆಘಾತವಾಗುವಂಥ ಸಂಗತಿಯೊಂದನ್ನು ಹೇಳಿದಳು.

ಇಲ್ಲಿಯ ಕಾನೂನಿನಲ್ಲಿ ಸುಲಿಗೆ ಎರಡು ಬಗೆ. ಸಾದಾ ಸುಲಿಗೆಗೆ ಒಂದರಿಂದ ಆರು ವರ್ಷ ಸೆರೆವಾಸ. ಎರಡನೆಯದಕ್ಕೆ ಇಲ್ಲಿಯವರ ಪದ ಗ್ರೂವ್ತ್, ಅದನ್ನು ನಾನು ಘೋರ ಸುಲಿಗೆಯೆಂದು ಕನ್ನಡಿಸಿಕೊಂಡಿದ್ದೇನೆ. ಅದಕ್ಕೆ ಕನಿಷ್ಠ ನಾಲ್ಕು, ಗರಿಷ್ಠ ಹತ್ತು. ನನ್ನದು ಯಾವುದೆಂದು ಕೇಳಿದೆ. ಅದನ್ನು ಕೋರ್ಟು ನಿರ್ಧರಿಸಬೇಕು ಎಂದಳು.

"ನಿರ್ಧರಿಸುವುದೇನು ಬಂತು? ಚಾಕು ಹಿಡಿದು ಬಂದ. ಅದು ಘೋರವಲ್ಲವೇ?"

"ಅಜ್ಜಿ, ಚಾಕು ಇದ್ರೇನೇ ಗ್ರೂವ್ತ್ ಅಂತ ಇಲ್ಲ. ಜೀವ ಹೋಗೋ ಥರ ಹೊಡೆದ್ನಾ, ತುಂಬಾ ಪೆಟ್ಟಾಯ್ತಾ, ಕ್ರೂರವಾಗಿ ನಡ್ಕೊಂಡ್ನಾ, ಪಾಪ ಯಾರೂ ಇಲ್ದೇ ಇರೋರನ್ನ ನೋಡಿ ಅದನ್ನ ಯೂಸ್ ಮಾಡ್ಕೊಂಡ್ನಾ, ಅಂತ ಕಾನೂನು ಒಂದು ಲಿಸ್ಟ್ ಕೊಡತ್ತೆ ಅಷ್ಟೆ. ಕೋರ್ಟ್ ಆ ಲಿಸ್ಟ್‌ನ ಟಿಕ್ ಮಾಡ್ಕೊಂಡು ಹೋಗಲ್ಲ. ಎಲ್ಲಾ ಸೇರ್ಸಿ ನೋಡತ್ತೆ. ಮುಂಚೇನೇ ಪ್ಲಾನ್ ಮಾಡಿದ್ದನಾ ಅನ್ನೋದನ್ನೂ ನೋಡತ್ತೆ."

ಅವಳ ತರಗತಿಯಲ್ಲಿ ಇಂಥವನ್ನೇ ಚರ್ಚಿಸುತ್ತಾರಂತೆ. ಒಬ್ಬ ಆಟಿಕೆಯ ಪಿಸ್ತೂಲು ಹಿಡಿದು ಅಂಗಡಿಗೆ ನುಗ್ಗಿದರೆ, ಪಿಸ್ತೂಲು ಆಟಿಕೆಯೆಂಬುದು ಮುಖ್ಯವೋ, ಗಲ್ಲಾದ ಹಿಂದಿದ್ದವನು ಅದನ್ನು ನಿಜವೆಂದು ನಂಬಿದ್ದು ಮುಖ್ಯವೋ? ಒಂದೇ ಕೃತ್ಯವನ್ನು ಕೆಳಗಿನ ಕೋರ್ಟು ಘೋರವೆಂದರೆ ಮೇಲಿನ ಕೋರ್ಟು ಸಾದಾ ಎನ್ನಬಹುದು, ಅದಲುಬದಲೂ ಆಗಬಹುದು. ಹಾಗಾದರೆ ಇದು ಕಾನೂನೇ? ನಾನು ಮೌಲ್ಯಮಾಪನಕ್ಕೆ ಹೋಗುತ್ತಿದ್ದಾಗ ನಮಗೆ ಮಾದರಿ ಉತ್ತರಗಳನ್ನು ಅಚ್ಚು ಹಾಕಿಸಿ ಕೊಡುತ್ತಿದ್ದರು.

"ಸಾದಾ" ಎಂಬ ಆ ಪದ ಕಿವಿಯಲ್ಲಿಯೇ ನಿಂತಿದೆ. ನನಗೆ ಆದದ್ದು ಸಾದಾ ಆಗಲು ಹೇಗೆ ಸಾಧ್ಯ?

೧೯ ಡಿಸೆಂಬರ್

ಸರ್ಕಾರವೇ ನನಗಾಗಿ ನೇಮಿಸಿದ ವಕೀಲೆಯನ್ನು ಕಂಡೆವು. ಒಳ್ಳೆಯ ಹೆಂಗಸು, ಕಾಫಿ ಕೊಟ್ಟಳು. ನಮ್ಮ ಪ್ರಕರಣವನ್ನು ಘೋರವೆಂದು ಸಾಧಿಸುವುದು ಸರ್ಕಾರಿ ಅಭಿಯೋಜಕರ ಉದ್ದೇಶ, ಅದಕ್ಕೆ ಎರಡು ಆಧಾರಗಳಿವೆ ಎಂದಳು. ಆರೋಪಿಗೆ ಕಟ್ಟಡದ ಹೊರಬಾಗಿಲು ತೆರೆಯುವ ಕೀಲಿಸಂಖ್ಯೆ ಗೊತ್ತಿತ್ತು, ಒಂಟಿ ಮುದುಕಿಯ ಮನೆಯನ್ನು ಆರಿಸಿಕೊಂಡು ಗಂಟೆ ಒತ್ತಿ ಒಳನುಗ್ಗಿದ. ಎಂದರೆ ಯೋಜಿತ ಕೃತ್ಯ. ಇದು ಒಂದು. ಇನ್ನೊಂದಕ್ಕೆ ಅವಳು ಒಂದು ಸ್ವೀಡಿಷ್ ಪದ ಹೇಳಿದಳು. ಅದನ್ನು ಕನ್ನಡದಲ್ಲಿ ಹೇಳಲು ಶ್ರಾವಣಿ ತಡವರಿಸಿದಳು. ನಾನೇ ಒತ್ತಾಯಿಸಿದ ಮೇಲೆ "ನಿಸ್ಸಹಾಯಕ" ಎಂದಳು. ನಾನು ನಿಸ್ಸಹಾಯಕಳಾಗಿದ್ದೆ, ಅವನು ಅದನ್ನು ನಿರ್ದಯವಾಗಿ ಬಳಸಿಕೊಂಡ ಎಂದು ನ್ಯಾಯಾಲಯಕ್ಕೆ ಮನವರಿಕೆಯಾಗಬೇಕಂತೆ. ಹಿಮದ ಮೇಲೆ ನಡೆಯಲು ನಾನು ಹಿಡಿಯುವ ಊರುಗೋಲನ್ನು ಆ ದಿನ ಒಳಗೂ ತಂದರೆ ಒಳ್ಳೆಯದಂತೆ.

ಅರವತ್ತು ಹುಡುಗರ ತರಗತಿಯನ್ನು ಒಂದು ಕೆಮ್ಮಿನಿಂದ ಸುಮ್ಮನಾಗಿಸಿದವಳು ನಾನು. ನಿಸ್ಸಹಾಯಕಳಲ್ಲವೆಂದು ಅವಳಿಗೆ ತಿಳಿಸು ಎಂದೆ. ಶ್ರಾವಣಿ ತಿಳಿಸಿದಳೋ ಇಲ್ಲವೋ ತಿಳಿಯದು. ವಕೀಲೆ ನಕ್ಕು ನನ್ನ ಕೈಯನ್ನು ತಟ್ಟಿದಳು. ಮಕ್ಕಳ ಕೈಯನ್ನು ತಟ್ಟುವ ಹಾಗೆ.

೨೯ ಡಿಸೆಂಬರ್, ಶುಕ್ರವಾರ

ಇಂದು ವಕೀಲೆಯ ಫೋನು ಬಂದಿತ್ತು. ಅವನು ಸುಲಿಗೆಯನ್ನು ಒಪ್ಪಿಕೊಂಡಿದ್ದಾನೆ, ಘೋರವೆಂಬುದನ್ನು ಒಪ್ಪುವುದಿಲ್ಲ. ಬಾಗಿಲು ತೆರೆದೇ ಇತ್ತು ಎನ್ನುತ್ತಾನಂತೆ. ಕಾಗದ ಹಂಚುತ್ತ ಇಳಿಯುತ್ತಿದ್ದಾಗ ತೆರೆದ ಬಾಗಿಲು, ಒಳಗೆ ಉರಿಯುವ ದೀಪ, ಅದರ ಬೆಳಕಿನಲ್ಲಿ ಚಿನ್ನದ ಸರ ಕಂಡವಂತೆ. ಚಾಕು ಕಾಗದದ ಕಟ್ಟುಗಳ ಪ್ಲಾಸ್ಟಿಕ್ ಪಟ್ಟಿ ಕೊಯ್ಯುವ ಚಾಕುವಂತೆ. ಕೆಲಸಕ್ಕೆಂದು ದಿನವೂ ಜೇಬಿನಲ್ಲಿರುತ್ತದಂತೆ. ಆ ಕ್ಷಣದವರೆಗೆ ತನ್ನ ಮನಸ್ಸಿನಲ್ಲಿ ಏನೂ ಇರಲಿಲ್ಲವಂತೆ.

ಊಟದ ಮೇಜಿನಲ್ಲಿ ಎಲ್ಲರೂ ನಕ್ಕರು. ಅಳಿಯಂದಿರು ಮೊಸರು ಕಲಸುತ್ತ, "ಡಿಸೆಂಬರ್‌ನಲ್ಲಿ ಈ ಊರಲ್ಲಿ ಯಾರತ್ತೆ ಬಾಗಿಲು ತೆಗೆದಿಡ್ತಾರೆ? ಚಳಿ ಒಳಗ್ ಬರ್ಲಿ ಅಂತಾನಾ? ಸುಳ್ಳು ಹೇಳಕ್ಕೂ ಸ್ವಲ್ಪ ತಲೆ ಬೇಕು" ಎಂದರು. ಕೋರ್ಟಿನಲ್ಲಿ ಯಾರೂ ಈ ಮಾತನ್ನು ನಂಬುವುದಿಲ್ಲವೆಂದು ವಕೀಲೆಯೂ ಹೇಳಿದಳಂತೆ. ಇಂಥ ಹಸಿ ಸುಳ್ಳು ಹೇಳಿದರೆ ಪಶ್ಚಾತ್ತಾಪವಿಲ್ಲವೆಂದು ತೋರಿ ಅವನಿಗೇ ಕೆಡುಕಾಗುತ್ತದಂತೆ.

ನಾನು ತಟ್ಟೆಯನ್ನು ಬದಿಗೆ ಸರಿಸಿದೆ. ನೀರು ಕುಡಿದೆ. "ಯಾಕಮ್ಮ, ಊಟ ಬೇಡ್ವಾ, ಪಲ್ಯ ಖಾರವಾಯ್ತಾ" ಎಂದು ಮಾಲತಿ ಕೇಳಿದಳು. ಇಲ್ಲ ಎಂದೆ.

ಅವನು ಹೇಳಿದ್ದು ಅಕ್ಷರಶಃ ನಿಜ. ಈ ಊರಿನಲ್ಲಿ ಅದು ನಿಜವೆಂದು ಬಲ್ಲವರು ಇಬ್ಬರೇ. ಒಬ್ಬ ಕಳ್ಳ, ಇನ್ನೊಬ್ಬಳು ನಾನು.

೨ ಜನವರಿ ೨೦೦೭

ಇಂದು ಬರೆಯಲು ಏನೂ ಇಲ್ಲ.

೪ ಜನವರಿ

ಶ್ರಾವಣಿ ಲುಂಡ್‌ಗೆ ಹಿಂದಿರುಗುವ ಮೊದಲು ಪ್ರಕರಣದ ಕಾಗದಗಳನ್ನು ಓದಿ ಹೇಳಿದಳು. ಅದರಲ್ಲಿ ಒಂದು ಸಣ್ಣ ವಿವರ ಇತ್ತು. ಐದನೆಯ ಮತ್ತು ನಾಲ್ಕನೆಯ ಮಹಡಿಯ ಎಲ್ಲ ಮನೆಗಳಿಗೂ ಆ ದಿನದ ಕಾಗದ ಬಿದ್ದಿತ್ತು. ಮೂರನೆಯದಕ್ಕೂ ಅದರ ಕೆಳಗಿನವಕ್ಕೂ ಬಿದ್ದಿರಲಿಲ್ಲ. ಕಾಗದ ಹಂಚುವವರು ಲಿಫ್ಟಿನಲ್ಲಿ ಮೇಲೆ ಹೋಗಿ ಹಂಚುತ್ತ ಇಳಿಯುವುದು ವಾಡಿಕೆಯಂತೆ. ಅನುಮಾನ ಬಾರದಿರಲೆಂದು ಹಂಚುವ ನಟನೆ ಮಾಡಿದ ಎಂಬುದು ಅಭಿಯೋಜಕರ ವಾದ.

ನಟಿಸುವವನು ಎಂಟು ಮನೆಗಳ ಕಂಡಿಯಲ್ಲಿ ಒಂದೊಂದಾಗಿ ಕಾಗದ ತುರುಕುತ್ತ ಹೊತ್ತು ಕಳೆಯುತ್ತಾನೆಯೇ? ಉತ್ತರಪತ್ರಿಕೆಯಲ್ಲಿ ನಕಲು ಮಾಡಿದವನನ್ನು ನಾನು ಹೀಗೆಯೇ ಹಿಡಿಯುತ್ತಿದ್ದೆ, ಅವನು ಹೊಡೆದುಹಾಕಿದ ಸಾಲುಗಳಿಂದ. ಈ ಕಾಗದದಲ್ಲಿ ಹೊಡೆದುಹಾಕಿದ ಸಾಲು ನನ್ನದು.

ಬಾಗಿಲು ನಿಜವಾಗಿ ತೆರೆದಿದ್ದರೆ ಏನಾಗುತ್ತಿತ್ತೆಂದು ಸುಮ್ಮನೆ ಕೇಳುವವಳಂತೆ ಶ್ರಾವಣಿಯನ್ನು ಕೇಳಿದೆ.

"ಆಗ ಪ್ಲಾನಿಂಗ್ ಅನ್ನೋದೇ ಬಿದ್ದೋಗತ್ತಲ್ಲ ಅಜ್ಜಿ. ಗ್ರೂವ್ತ್ ಆಗೋದು ಕಷ್ಟ. ಎರಡು ವರ್ಷ, ಎರಡೂವರೆ ವರ್ಷ ಆಗ್ಬೋದು." ಆಮೇಲೆ ತಲೆಯೆತ್ತಿ ನನ್ನನ್ನು ನೋಡಿದಳು. "ಯಾಕಜ್ಜಿ?"

"ತಿಳಿದುಕೊಳ್ಳಲು" ಎಂದೆ. "ಬಿದ್ದು ಹೋಗುತ್ತದೆ" ಎಂದು ಹೇಳಬೇಕೆಂದು ಅವಳನ್ನು ತಿದ್ದಲು ಮರೆತೆ.

೧೫ ಜನವರಿ, ಸೋಮವಾರ

ಅಶ್ವತ್ಥರು ಬಾಗಿಲಿಗೆ ಜಾಹೀರಾತು ಬೇಡವೆಂಬ ಚೀಟಿ ಅಂಟಿಸಿದ್ದಾರೆ. ಇನ್ನು ಯಾರೂ ನಮ್ಮ ಬಾಗಿಲಲ್ಲಿ ನಿಲ್ಲುವುದಿಲ್ಲ.

ನಾಲ್ಕು ವರ್ಷದಿಂದ ಎರಡು ವರ್ಷ ಕಳೆದರೆ ಎರಡು. ಐವತ್ತೆರಡು ವರ್ಷದವನಿಗೆ ಎರಡು ವರ್ಷವೆಂದರೆ ಎಷ್ಟೆಂದು ಲೆಕ್ಕ ಹಾಕುತ್ತ ಕುಳಿತಿದ್ದೆ. ಏಕೆ ಹಾಕುತ್ತಿದ್ದೇನೆ? ಅವನು ನನ್ನ ಕೊರಳಿಗೆ ಚಾಕು ತೋರಿಸಿದವನು. ಸೆರೆಯಲ್ಲಿ ಎರಡು ವರ್ಷ ಹೆಚ್ಚಿಗೆ ಇದ್ದರೆ ಏನು ಮುಳುಗಿಹೋಗುತ್ತದೆ? ಬಿಡಿಸಿ ಹೇಳಿದರೆ, ನನ್ನ ಮಾತಿನಿಂದ ಅವನಿಗೆ ದಕ್ಕುವುದು ಅವನು ಮಾಡಿದ ತಪ್ಪಿಗೆ ತಕ್ಕ ಶಿಕ್ಷೆಯೇ.

ಒಂದು ಸಂಗತಿ ನೆನಪಾಗುತ್ತಿದೆ. ಕಮಲಾ ಎಂಬ ಸಹೋದ್ಯೋಗಿ ತನಗಾಗದ ಹುಡುಗನೊಬ್ಬನಿಗೆ ಸರಿಯುತ್ತರಕ್ಕೂ ಅಂಕ ಕತ್ತರಿಸಿದ್ದಳು. "ಅವನು ಫಟಿಂಗ, ಸುಲೋಚನಾ, ನಿನಗೆ ಗೊತ್ತಿಲ್ಲ" ಎಂದಳು. ಹಾಳೆಯ ಮೇಲಿರುವುದಕ್ಕೆ ಅಂಕ ಕೊಡು, ಹುಡುಗನಿಗಲ್ಲ ಎಂದು ನಾನು ಸಿಬ್ಬಂದಿ ಕೊಠಡಿಯಲ್ಲಿ ಎಲ್ಲರ ಎದುರು ಹೇಳಿದ್ದೆ. ಅವಳು ನನ್ನೊಡನೆ ಒಂದು ವರ್ಷ ಮಾತು ಬಿಟ್ಟಳು.

೨೨ ಜನವರಿ

ನಾಳೆ ವಿಚಾರಣೆ. ಮಾಲತಿ ನನ್ನ ಬೂದು ರೇಷ್ಮೆ ಸೀರೆಗೆ ಇಸ್ತ್ರಿ ಹಾಕಿದ್ದಾಳೆ. "ಹೆದರ್ಬೇಡಮ್ಮ, ಪೊಲೀಸರಿಗೆ ಹೇಳಿದ್ದನ್ನೇ ಹೇಳು, ಸಾಕು" ಎಂದಳು. ನನ್ನ ಪರವಾಗಿ ಆ ಮಾತನ್ನು ಮೊದಲು ಸ್ವೀಡಿಷಿನಲ್ಲಿ ಹೇಳಿದವಳು ಅವಳೇ. ಅದು ಈವರೆಗೆ ನನಗೆ ಹೊಳೆದಿರಲಿಲ್ಲ.

೨೩ ಜನವರಿ, ಮಂಗಳವಾರ

ಎಲ್ಲವನ್ನೂ ಬರೆಯುತ್ತೇನೆ, ಎಷ್ಟು ಪುಟವಾದರೂ ಸರಿ.

ನ್ಯಾಯಾಲಯವೆಂದರೆ ಎತ್ತರದ ಪೀಠ, ಕಪ್ಪು ನಿಲುವಂಗಿ, ಕಟಕಟೆ ಎಂದುಕೊಂಡಿದ್ದೆ. ಅಲ್ಲಿದ್ದದ್ದು ನಮ್ಮ ಶಾಲೆಯ ಸಿಬ್ಬಂದಿ ಸಭೆಯಂಥ ಕೋಣೆ, ತಿಳಿ ಬಣ್ಣದ ಮರದ ಮೇಜುಗಳು. ನ್ಯಾಯಾಧೀಶರು ಸಾಮಾನ್ಯ ಕೋಟಿನಲ್ಲಿದ್ದರು. ಅವರೊಡನೆ ಮೂವರು ಸಾಮಾನ್ಯ ನಾಗರಿಕರು, ತೀರ್ಪಿನಲ್ಲಿ ಅವರಿಗೂ ಸಮಾನ ಮತವಂತೆ. ಅವರಲ್ಲೊಬ್ಬಾಕೆ ಕೈಯಲ್ಲಿ ಹೆಣೆದ ಸ್ವೆಟರು ತೊಟ್ಟಿದ್ದಳು. ಊರುಗೋಲನ್ನು ನಾನು ಹೊರಗಿನ ಗೋಡೆಗೆ ಒರಗಿಸಿಯೇ ಒಳಗೆ ಹೋದೆ.

ನಾನು ಮಾತನಾಡುವಾಗ ಆರೋಪಿಯನ್ನು ಬೇರೆ ಕೋಣೆಯಲ್ಲಿ ಕೂರಿಸಬಹುದು, ಬೇಕೇ ಎಂದು ಕೇಳಿದರು. ಬೇಡವೆಂದೆ. ಅವನು ಎದುರಿನ ಮೇಜಿನಲ್ಲಿ, ನನ್ನಷ್ಟೇ ಎತ್ತರದ ಕುರ್ಚಿಯಲ್ಲಿ ಕುಳಿತಿದ್ದ. ಕೊರಳಲ್ಲಿ ದಾರ ಕಟ್ಟಿದ ಓದುವ ಕನ್ನಡಕ. ನಮ್ಮ ಶಾಲೆಯ ಗುಮಾಸ್ತ ರಾಜಗೋಪಾಲ ಹಾಗೆಯೇ ಕಟ್ಟಿಕೊಳ್ಳುತ್ತಿದ್ದರು. ಇಷ್ಟು ದಿನ ನನ್ನ ಕಣ್ಣ ಮುಂದೆ ಇದ್ದ ಮುಖಕ್ಕೂ ಈ ಮುಖಕ್ಕೂ ಹೋಲಿಕೆಯೇ ಇರಲಿಲ್ಲ.

ದುಭಾಷಿ ಶೇಷಾದ್ರಿಯವರು ಸ್ಟಾಕ್‌ಹೋಮಿನಿಂದ ಬಂದಿದ್ದರು. ಅವರು ಎದ್ದು ನಿಂತು ಪ್ರಮಾಣವಚನ ಹೇಳಿದರು. ನಾನೂ ಏಳಲು ಹೋದೆ. ವಕೀಲೆ ಕೈ ಹಿಡಿದು ಕೂರಿಸಿದಳು. ಇಲ್ಲಿ ಅನ್ಯಾಯಕ್ಕೊಳಗಾದವರಿಗೆ ಪ್ರಮಾಣವಿಲ್ಲವಂತೆ. ದಿಗ್ಭ್ರಮೆಯಾಯಿತು. ನನ್ನ ಮಾತನ್ನು ಭಾಷಾಂತರಿಸುವವರು ಸತ್ಯಕ್ಕೆ ಬದ್ಧರು, ಮಾತನಾಡುವ ನಾನು ಬದ್ಧಳಲ್ಲ. ದೇವರ ಹೆಸರಿಲ್ಲ, ಪುಸ್ತಕವಿಲ್ಲ, ಹೆದರಿಸುವವರಿಲ್ಲ. ಪ್ರಮಾಣ ಮಾಡಿಸಿದ್ದರೆ ಅದಕ್ಕೆ ಹೆದರಿ ನಿಜ ಹೇಳಿದೆ ಎಂದಾದರೂ ಆಗುತ್ತಿತ್ತು. ಆ ಆಸರೆಯೂ ಇರಲಿಲ್ಲ.

ಅಭಿಯೋಜಕಿ ಸೌಮ್ಯವಾಗಿ ಆರಂಭಿಸಿದಳು. ಗಂಟೆ ಸದ್ದಾದಾಗ ನಾನು ಎಲ್ಲಿದ್ದೆ ಎಂದು ಕೇಳಿದಳು.

"ಗಂಟೆ ಸದ್ದಾಗಲಿಲ್ಲ" ಎಂದೆ.

ಶೇಷಾದ್ರಿಯವರು ಭಾಷಾಂತರಿಸಲಿಲ್ಲ. ನನ್ನತ್ತ ಬಾಗಿ ಮೆಲ್ಲನೆ, "ಅಮ್ಮ, ಆಗ್ಲಿಲ್ಲ ಅಂದ್ರಾ? ಸರಿಯಾಗಿ ಕೇಳಿಸ್ಕೊಂಡ್ನಾ ನಾನು?" ಎಂದರು.

"ಪ್ರಮಾಣ ಮಾಡಿದವರು ನೀವು. ನಾನು ಹೇಳಿದ್ದನ್ನು ಹೇಳಿ."

ಅವರು ಹೇಳಿದರು. ಅಭಿಯೋಜಕಿ ಕಾಗದ ತಿರುವಿದಳು. ಹಿಂದಿನ ಸಾಲಿನಲ್ಲಿ ಮಾಲತಿ ಕುಳಿತಿದ್ದಳು, ನಾನು ತಿರುಗಿ ನೋಡಲಿಲ್ಲ. ಬಾಗಿಲನ್ನು ನಾನೇ ತೆರೆದಿಟ್ಟಿದ್ದೆ, ಪೊಲೀಸರಿಗೆ ಎರಡು ಸಲವೂ ಸುಳ್ಳು ಹೇಳಿದೆ, ಮಗಳ ಮಾತು ಮೀರಿದೆನೆಂದು ತಿಳಿಯಬಾರದೆಂದು ಹಾಗೆ ಹೇಳಿದೆ, ನನ್ನ ಮಗಳಿಗೆ ಇದಾವುದೂ ತಿಳಿಯದು ಎಂದೆ. ಒಂದೊಂದು ವಾಕ್ಯಕ್ಕೂ ನಿಲ್ಲಿಸುತ್ತ, ಉಕ್ತಲೇಖನ ಹೇಳಿದಂತೆ ಹೇಳಿದೆ.

ನ್ಯಾಯಾಧೀಶರು ಲೇಖನಿ ಕೆಳಗಿಟ್ಟು ಕೇಳಿದರು. ಡಿಸೆಂಬರಿನಲ್ಲಿ ಬಾಗಿಲನ್ನು ತೆರೆದಿಟ್ಟದ್ದೇಕೆ? ದೀಪದ ಹೊತ್ತು, ಮುಂಬಾಗಿಲು, ಲಕ್ಷ್ಮಿ ಎಲ್ಲವನ್ನೂ ಹೇಳಿದೆ. ಎಷ್ಟು ಹೊತ್ತು ತೆರೆದಿಡುವುದು ಪದ್ಧತಿ ಎಂದರು. ದೀಪ ಸ್ಥಿರವಾಗಿ ನಿಲ್ಲುವವರೆಗೆ ಎಂದೆ. ಅವರು ಅದನ್ನೂ ಬರೆದುಕೊಂಡರು. ಸ್ವೆಟರಿನ ಹೆಂಗಸು ನನ್ನನ್ನೇ ನೋಡುತ್ತಿದ್ದಳು.

ಆಗ ಅಭಿಯೋಜಕಿ ಇನ್ನೊಂದು ದಾರಿ ಹಿಡಿದಳು. ಜಾಣೆ. ಹಾಗಾದರೆ ನೀವು ಬಾಗಿಲಿಗೆ ಬೆನ್ನು ಮಾಡಿ, ಕಣ್ಣು ಮುಚ್ಚಿ, ಪ್ರಾರ್ಥಿಸುತ್ತ ನಿಂತಿದ್ದಿರಿ, ಅದಕ್ಕಿಂತ ನಿಸ್ಸಹಾಯಕ ಸ್ಥಿತಿ ಇದೆಯೇ ಎಂದಳು. ಅದೇ ಪದ. ಒಂದು ತಿಂಗಳಿನಿಂದ ನಾನು ಒಲ್ಲೆನೆಂದ ಪದ.

"ನನಗೆ ಭಯವಾಯಿತು. ಕೂಗಲು ಬಾಯಿ ತೆರೆದೆ, ಸ್ವರ ಬರಲಿಲ್ಲ. ಸೀರೆ ಒದ್ದೆಯಾಯಿತು. ಅದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೋ ಹಾಗೆಯೇ ಬರೆದುಕೊಳ್ಳಿ. ಆದರೆ ಆತ ಗಂಟೆ ಒತ್ತಲಿಲ್ಲ, ಬಾಗಿಲು ತಳ್ಳಲಿಲ್ಲ. ಬಾಗಿಲು ನನ್ನದು, ತೆರೆದವಳು ನಾನು."

ಈ ದಿನಚರಿಯ ಮೊದಲ ಪುಟದಲ್ಲಿ ದುರುಗುಟ್ಟಿ ನೋಡಿದೆ ಎಂದು ಬರೆದಿದ್ದೇನೆ. ಅದನ್ನು ಹೊಡೆದುಹಾಕುವುದಿಲ್ಲ. ತಪ್ಪು ಉತ್ತರವೂ ಹಾಳೆಯ ಮೇಲೆ ಇರಲಿ.

ಎದ್ದು ಬರುವಾಗ ಆತ ತಲೆಯೆತ್ತಲಿಲ್ಲ. ಕನ್ನಡಕದ ದಾರವನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ.

ಟ್ರಾಮಿನಲ್ಲಿ ಮಾಲತಿ ಕಿಟಕಿಯ ಕಡೆಗೆ ಮುಖ ಮಾಡಿ ಕುಳಿತಳು. ನಮ್ಮ ನಿಲ್ದಾಣ ಬರುವ ಮುನ್ನ ಮಾತ್ರ, "ಸುಳ್ಳನ್ನ ನನ್ ಬಾಯಲ್ಲಿ ಹೇಳಿಸ್ದೆಯಲ್ಲಮ್ಮ" ಎಂದಳು.

೨೬ ಜನವರಿ

ಮಾಲತಿ ಊಟ ಬಡಿಸುತ್ತಾಳೆ, ಮಾತ್ರೆ ಕೊಡುತ್ತಾಳೆ. ಮಾತಿಲ್ಲ. ಇಂದು ಗಣರಾಜ್ಯೋತ್ಸವ.

೩೦ ಜನವರಿ

ಮಾತಿಲ್ಲ. ಅಶ್ವತ್ಥರು ಸಂಜೆ ಪಕ್ಕದಲ್ಲಿ ಕುಳಿತು ಚಾನೆಲ್ಲು ಬದಲಾಯಿಸುತ್ತ, "ಅವಳಿಗೆ ಕೋಪ ಅಲ್ಲತ್ತೆ. ನನಗೆ ಹೇಳೋಕ್ಕೆ ಅಮ್ಮ ಹೆದರಿದ್ರಲ್ಲ ಅಂತ ಅಳ್ತಾಳೆ" ಎಂದರು. ನಾನು ನನ್ನ ಮಗಳಿಗೆ ಹೆದರಿದ್ದೆನೇ? ಇದು ನನಗೆ ತೋಚಿರಲೇ ಇಲ್ಲ.

೬ ಫೆಬ್ರವರಿ, ಮಂಗಳವಾರ

ತೀರ್ಪು ಅಂಚೆಯಲ್ಲಿ ಬಂತು. ಶ್ರಾವಣಿ ಲುಂಡ್‌ನಿಂದ ಫೋನಿನಲ್ಲಿ ಇಡಿಯಾಗಿ ಓದಿ ಹೇಳಿದಳು. ಘೋರ ಸುಲಿಗೆಯಲ್ಲ, ಸುಲಿಗೆ. ಎರಡು ವರ್ಷ ಸೆರೆವಾಸ.

ಬಾಗಿಲು ತೆರೆದಿತ್ತೆಂಬ ಆರೋಪಿಯ ಹೇಳಿಕೆಯನ್ನು ನೊಂದ ಮಹಿಳೆಯೇ ತನ್ನ ಹಿತಕ್ಕೆ ವಿರುದ್ಧವಾಗಿ ದೃಢಪಡಿಸಿದ್ದಾಳೆ, ಆದ್ದರಿಂದ ಪೂರ್ವಯೋಜನೆ ಸಾಬೀತಾಗಿಲ್ಲ ಎಂದು ಬರೆದಿದ್ದಾರೆ. ಚಾಕು ಗಂಭೀರ ಸಂಗತಿ, ಆದರೆ ಹಿಂಸೆ ಜೀವಾಪಾಯದ್ದಲ್ಲ. ಎಲ್ಲವನ್ನೂ ಒಟ್ಟಾಗಿ ನೋಡಿದರೆ ಕೃತ್ಯವನ್ನು ಘೋರವೆನ್ನಲು ಸಾಲದು.

ಕೊನೆಯಲ್ಲಿ ಒಂದು ಪುಟ ಬೇರೆಯೇ ಇತ್ತು. ಪೀಠದಲ್ಲಿದ್ದ ನಾಗರಿಕರಲ್ಲೊಬ್ಬರು ಒಪ್ಪಿಲ್ಲ. ತನ್ನ ಮನೆಯಲ್ಲಿ ದೇವರಿಗಾಗಿ ಬಾಗಿಲು ತೆರೆದು ಕಣ್ಣು ಮುಚ್ಚಿ ನಿಂತವರ ಮೇಲೆ ಕೈಮಾಡುವುದು ಆ ನಂಬಿಕೆಯ ನಿರ್ದಯ ದುರ್ಬಳಕೆ, ಆದ್ದರಿಂದ ಇದು ಘೋರ ಸುಲಿಗೆಯೇ ಎಂದು ಅವರ ಮತ. ಯಾರೆಂದು ಕೇಳಿದೆ. ಶ್ರಾವಣಿ ಹೇಳಿದ್ದು ಹೆಂಗಸಿನ ಹೆಸರು. ಮೂವರಲ್ಲಿ ಹೆಂಗಸು ಸ್ವೆಟರಿನಾಕೆ ಒಬ್ಬಳೇ.

ಆ ಪುಟವನ್ನು ಎರಡು ಸಲ ಓದಿಸಿದೆ. ಒಂದೇ ಉತ್ತರಪತ್ರಿಕೆ, ನಾಲ್ವರು ಮೌಲ್ಯಮಾಪಕರು. ಆಕೆಯ ಮಾತಿನಲ್ಲಿ ನನಗೆ ತಪ್ಪು ಕಾಣುವುದಿಲ್ಲ. ಉಳಿದ ಮೂವರ ಮಾತಿನಲ್ಲಿಯೂ ಕಾಣುವುದಿಲ್ಲ. ಹೀಗಾಗಬಹುದೆಂದು ಇಷ್ಟು ವರ್ಷ ಪಾಠ ಹೇಳಿದವಳಿಗೆ ಯಾರೂ ಹೇಳಿರಲಿಲ್ಲ.

೧೨ ಫೆಬ್ರವರಿ

ಪೊಲೀಸ್ ಠಾಣೆಯಿಂದ ಸರವನ್ನು ತಂದೆವು. ಕಂದು ಲಕೋಟೆಯಲ್ಲಿತ್ತು, ಸಂಖ್ಯೆ ಬರೆದ ಚೀಟಿ ಕಟ್ಟಿದ್ದರು. ನನಗೆ ಸಿಗದ ಸಂಖ್ಯೆ ನನ್ನ ಸರಕ್ಕೆ ಸಿಕ್ಕಿದೆ. ಒಂದು ಕೊಂಡಿ ಮುರಿದಿದೆ. ಊರಿನಲ್ಲಿ ಬೆಸೆಯಿಸುವೆನೆಂದೆ. "ಬೆಸೆಸಿದ್ರೂ ಗೊತ್ತಾಗತ್ತೆ, ಆದ್ರೂ ಹಾಕ್ಕೋ" ಎಂದಳು ಮಾಲತಿ. ಇಪ್ಪತ್ತು ದಿನಗಳ ನಂತರ ಇಷ್ಟು ಉದ್ದದ ವಾಕ್ಯ ಇದೇ ಮೊದಲು. ರಸ್ತೆಯೆಲ್ಲ ಗಾಜಿನಂಥ ಹಿಮ. ಊರುಗೋಲನ್ನು ಮನೆಯಲ್ಲಿ ಮರೆತಿದ್ದೆ, ಅವಳ ತೋಳು ಹಿಡಿದು ಟ್ರಾಮಿನವರೆಗೂ ನಡೆದೆ.

೧೪ ಫೆಬ್ರವರಿ, ಬುಧವಾರ

ನಾಳೆ ಬೆಳಗಿನ ವಿಮಾನ. ಪೆಟ್ಟಿಗೆ ಕಟ್ಟಿಯಾಯಿತು.

ಈಗ ಸೂರ್ಯ ಮುಳುಗುವುದು ಐದರ ಮೇಲೆ. ಮಾಲತಿ ಬೇಗ ಬಂದಿದ್ದಳು. ಬತ್ತಿ ಹೊಸೆದು, ಎಣ್ಣೆ ಹಾಕಿ, ದೀಪ ಹಚ್ಚಿ ಕೈಮುಗಿದೆ. ಬೆನ್ನ ಹಿಂದೆ ಒಂದು ಬೀಗ ತೆರೆದ ಸದ್ದು, ಇನ್ನೊಂದು ಬೀಗದ್ದು, ಆಮೇಲೆ ಸರಪಳಿಯದು. ಮೆಟ್ಟಿಲ ಕಡೆಯ ತಣ್ಣನೆಯ ಗಾಳಿ ಹಿಮ್ಮಡಿಗೆ ತಾಗಿತು. ದೀಪ ಒಮ್ಮೆ ಬಾಗಿ ಎದ್ದು ನಿಂತಿತು. ತಿರುಗಿ ನೋಡಿದರೆ ಬಾಗಿಲು ಗೋಡೆಗೆ ತಾಗುವಷ್ಟು ತೆರೆದಿತ್ತು. ಮಾಲತಿ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಮಾಡುತ್ತಿದ್ದಳು. ಅಳಿಯಂದಿರು ಅಂಟಿಸಿದ್ದ ಚೀಟಿ ಬಾಗಿಲಿನಲ್ಲಿ ಇರಲಿಲ್ಲ, ಅಂಟಿನ ಗುರುತಷ್ಟೇ ಇತ್ತು.

ಕಣ್ಣು ಮುಚ್ಚದೆಯೇ ಶ್ಲೋಕ ಹೇಳಿದೆ. ಮೇಲಿನ ಮಹಡಿಯಿಂದ ಹೆಜ್ಜೆ ಸದ್ದು ಇಳಿದು ಬಂತು. ನನ್ನ ಸ್ವರ ನಿಂತಿತು. ಹೆಗಲಿಗೆ ದೊಡ್ಡ ಚೀಲ ಹಾಕಿದ ನಡುವಯಸ್ಸಿನ ಹೆಂಗಸೊಬ್ಬಳು ತೆರೆದ ಬಾಗಿಲನ್ನೂ ಉರಿಯುವ ದೀಪವನ್ನೂ ಸೀರೆ ಉಟ್ಟ ನನ್ನನ್ನೂ ಕಂಡು ಹೊಸಲಿನಾಚೆ ಸ್ತಬ್ಧಳಾದಳು. ಅವಳ ಮುಖದಲ್ಲಿದ್ದದ್ದು ಭಯ. ನನ್ನನ್ನು ಕಂಡು ಭಯ! ಕಾಗದ ಹಾಕಲು ಬಾಗಿಲಿನ ಕಂಡಿಯೇ ಅವಳಿಗೆ ಎಟುಕುವಂತಿರಲಿಲ್ಲ, ಅದು ಗೋಡೆಗೆ ಒತ್ತಿಕೊಂಡಿತ್ತು. ನಾನು ಹೊಸಲಿನವರೆಗೆ ಹೋಗಿ ಕೈ ಚಾಚಿದೆ. ಅವಳು ಕಾಗದವನ್ನು ಕೊಟ್ಟು, ಏನೋ ಹೇಳಿ, ಎರಡನೆಯ ಮಹಡಿಗೆ ಇಳಿದಳು.

ದೀಪ ಸ್ಥಿರವಾಗಿ ನಿಂತ ಮೇಲೆ ಬಾಗಿಲು ಮುಚ್ಚಿದೆ.

ಕಾಗದದ ತುಂಬ ಹಂದಿಮಾಂಸದ ರಿಯಾಯಿತಿ. ನಾಲ್ಕಾಗಿ ಮಡಿಸಿ ಈ ಪುಟದಲ್ಲಿ ಇಟ್ಟಿದ್ದೇನೆ.